ಐದನೇ ಡಬ್ಬಿ

ಒಂದೇ ಪ್ರಿಂಟು, ಎರಡು ಪರದೆ.
ಶಹಾಬಾದದ ಮೆಹಬೂಬ ಟಾಕೀಜಿನ್ಯಾಗ ಒಂದು,
ಮೂರು ಮೈಲಿಯಾಚೆ ಭಂಕೂರಿನ ಡೇರೆದಾಗ ಇನ್ನೊಂದು.
ನಡುವ ನಾನು. ಹದಿನಾಲ್ಕು ವರ್ಷ,
ಬ್ರೇಕಿಲ್ಲದ ಸೈಕಲ್ಲು,
ಕ್ಯಾರಿಯರಿಗೆ ಹಳೆ ಟ್ಯೂಬಿಲೆ ಬಿಗಿದ ತಗಡಿನ ಡಬ್ಬಿ.
ಇಲ್ಲಿ ಮುಗಿದ ರೀಲು ಅಲ್ಲಿ ಮುಟ್ಟಬೇಕು,
ಡೇರೆದಾಗ ದೀಪ ಹತ್ತಿ ಮಂದಿ ಸೀಟಿ ಹೊಡಿಯೂದ್ರೊಳಗ.

ಸಿನಿಮಾದ ಹೆಸರಿನ್ಯಾಗ ಖೂನಿ ಅಂತಿತ್ತು;
ಉಳಿದರ್ಧ ಪೋಸ್ಟರು ಆಡು ತಿಂದಿತ್ತು.

ಮೂರನೇ ಡಬ್ಬಿಯೊಳಗ ಹವೇಲಿ, ಮೋಂಬತ್ತಿ,
ತಾನಾಗೇ ತೆರಕೊಳ್ಳೋ ಬಾಗಿಲು.
ನಾಕನೇದ್ರಾಗ ಹಸಿ ಸೀರಿಯ ಹುಡುಗಿ.
ಊರೂರಿನ ಆಪರೇಟರು ಒಂದೊಂದು ತುಂಡು ಕತ್ತರಿಸಿ
ಕಿಸೆದಾಗ ಇಟಗೊಂಡಿದ್ದರು.
ಅದಕ ಆಕಿ ಮೆಟ್ಟಿಲಿಂದ ಸೀದಾ ಬಾವಿಕಟ್ಟಿಗೆ ಹಾರತಿದ್ದಳು,
ನಡುವಿನ ಅಂಗಳ ದಾಟದೇನೇ.
ಐದನೇದು, ತಲೆ.
ಎಲ್ಲಾರೂ ಬರತಿದ್ದದ್ದು ಅದಕ್ಕ.

ರಾತ್ರಿ ಹನ್ನೊಂದು. ಖಣಿ ದಂಡಿ ಹಾದಿ.
ಕಲ್ಲು ತೆಗೆದ ಕುಣಿಯೊಳಗ ನೀರು,
ನೀರಿನ್ಯಾಗ ಯಾರೂ ಕೇಳದ ಒಂದು ಚಂದ್ರ.
ಬೆನ್ನ ಹಿಂದ ಡಬ್ಬಿ ಗಡಗಡ,
ಒಳಗ ಆ ತಲೆ ಉರುಳ್ಯಾಡಿದಂಗ.
ಒಮ್ಮೆ ನಾಯಿ ಬೆನ್ನಟ್ಟಿ ಡಬ್ಬಿನೂ ನಾನೂ ಬಿದ್ದಿವಿ.
ಮೊಣಕಾಲಿಂದ ರಕ್ತ ಇಳೀತು.
ಬೆಳದಿಂಗಳಿಗೆ ನೋಡಿದೆ: ಕರ್ರಗ, ಸಣ್ಣಗ.
ಪರದೆ ಮ್ಯಾಲಿನದರ ಮುಂದ
ನಾಚಿಕಿ ಬರೂವಂಗಿತ್ತು.

ಮೊದಲ ಸಾಲು ಯಾವಾಗಲೂ ಭೀಮಶ್ಯಾನದು.
ಪರ್ಸಿ ಖಣಿಗೆ ಎಡಗೈದು ಎರಡು ಬೆರಳು ಕೊಟ್ಟಾವ.
ಬಂಡೆ ಬಿದ್ದ ದಿನ ಒಂದು ಮಾತೂ ಆಡಲಿಲ್ಲಂತ;
ಅರಿವಿ ಸುತಗೊಂಡು ಮುಕಾದಮನ ಹತ್ರ ಹೋಗಿ
ಅರ್ಧ ದಿನದ ಹಾಜರಿ ಹಾಕ್ರಿ ಅಂದನಂತ.
ಅವನೇ, ರಬ್ಬರಿನ ತಲೆ ಮೆಟ್ಟಿಲು ಇಳಿಯೂಮುಂದ
ಉಳಿದ ಮೂರು ಬೆರಳಿಲೆ ಕಣ್ಣು ಮುಚ್ಚಿ
ಎಂಥಾ ಚೀರತಿದ್ದ!
ಚೀರಿ, ನಕ್ಕು, ಬೀಡಿ ಹಚ್ಚಿ
ಮರುದಿನ ಮತ್ತ ಬರತಿದ್ದ.
ಒಂದೂ ಕಾಲು ರೂಪಾಯಿಗೆ ಅಷ್ಟು ಚೀರಾಕ
ಬ್ಯಾರೆಲ್ಲಿ ಬಿಡತಿದ್ದರು ಅವನಿಗೆ?

ಹೊರಗ ಶೇಂಗಾ ಮಾರೋ ಸುಗಲಾಬಾಯಿ
ಬಾಗಿಲ ಸಂದ್ಯಾಗ ಇಣುಕಿ ಕೇಳತಿದ್ದಳು:
"ಆ ಪೋರಿ ನಡುರಾತ್ರಿ ಬಾವಿಗ್ಯಾಕ ಹೋಗತಾಳ?
ಅಷ್ಟು ದೊಡ್ಡ ಮನ್ಯಾಗ ನೀರು ತರಾಕ
ಬ್ಯಾರೆ ಯಾರೂ ಇಲ್ಲೇನು?"
ಮಶಾಕ್ ಮಾಮು ಕಾರ್ಬನ್ ಕಡ್ಡಿ ಸರಿ ಮಾಡಕೋತ
"ಆಕಿ ಹೋಗಲಿಲ್ಲಂದ್ರ ನಮ್ಮ ಹೊಟ್ಟಿ ಹ್ಯಾಂಗವ್ವ" ಅಂತಿದ್ದ.
ಸುಗಲಾಬಾಯಿ ನಗತಿರಲಿಲ್ಲ.
ಪುಟ್ಟಿ ಹೊತಗೊಂಡು ಅದೇ ಹಾದಿ ಹಿಡಿದು
ಒಬ್ಬಾಕೀನೇ ತಾಂಡಾಕ ಹೋಗತಿದ್ದಳು.

ನಾ ಆ ಸಿನಿಮಾ ಪೂರಾ ನೋಡೇ ಇಲ್ಲ.
ಇಲ್ಲೊಂದು ತುದಿ, ಅಲ್ಲೊಂದು ಮೊದಲು.
ತಲೆ ಯಾರದು, ಯಾಕ ಕಡದರು,
ಇವತ್ತಿಗೂ ಗೊತ್ತಿಲ್ಲ.

ಟಾಕೀಜು ಈಗ ಸಿಮೆಂಟು ಚೀಲದ ಗೋದಾಮು.
ಮಾಮು ಹೋದ ಮ್ಯಾಲೆ ಅವನ ಮಗಳು ರಶೀದಾ
ಅಟ್ಟದಿಂದ ಡಬ್ಬಿ ಇಳಿಸಿ ಅಂದಳು:
"ತಗೋ ಭಾಯಿ, ನೀ ಹೊತ್ತದ್ದೇ."
ಮುಚ್ಚಳ ತೆಗೆದ್ರ ಸಿರ್ಕಾ ವಾಸನಿ.
ಮೊಳದುದ್ದ ಬಿಚ್ಚಿ ಬಿಸಿಲಿಗೆ ಹಿಡಿದೆ.

ಫಿಲಮಿನ್ಯಾಗ ಮೊದಲು ನೀಲಿ ಸಾಯತದ,
ಆಮ್ಯಾಲೆ ಹಳದಿ. ಕೆಂಪೊಂದು ಉಳೀತದ.
ಚಂದ್ರ ಕೆಂಪು. ಮೋಂಬತ್ತಿ ಕೆಂಪು.
ಬಾವಿ ನೀರು, ಹುಡುಗಿ ಹಲ್ಲು,
ಹವೇಲಿಯ ಸುಣ್ಣದ ಗ್ವಾಡಿ, ಎಲ್ಲಾ ಕೆಂಪು.
ತಲೆ ಸಿಕ್ತು. ಉರುಳೂ ಮೆಟ್ಟಿಲೂ ಸಿಕ್ತು.
ರಕ್ತ ಮಾತ್ರ ಎಲ್ಲದ
ಕಾಣವಲ್ದು,
ಕನ್ನಡಕ ಒರೆಸಿ ನೋಡಿದ್ರೂ.

ಸುತ್ತಿ ಮುಚ್ಚಿದೆ.
ಚಾಳಿ ನೋಡ್ರಿ,
ಕೈ ತಾನಾಗೇ ಟ್ಯೂಬು ಹುಡುಕಾಕ ಹತ್ತಿತ್ತು.